ಬಾನುಲಿಯಲ್ಲಿ ಬ್ರಹ್ಮಾಂಡ ಪ್ರವಾಸ: ಆರು ಶನಿವಾರಗಳ ಶ್ರವಣದ ಮೊದಲ ಅನಿಸಿಕೆಗಳು

(ನಮ್ಮ ಉಚಿತ ವಾಚನಾಲಯದ ಮಾಸಿಕ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಕಾರ್ಯಕಾರಿ ಸಮಿತಿಯವರು ನಮಗೆ ವಹಿಸಿದ ಕೆಲಸ ಇಷ್ಟೇ. ಕಳೆದ ಆರು ಶನಿವಾರ ಸಂಜೆ ಈ ವಾಚನಾಲಯದಲ್ಲಿ ಕೇಳಿಸಿದ ಇಂಗ್ಲಿಷ್ ಬಾನುಲಿ ನಾಟಕದ ವಿಷಯವಾಗಿ, ಬಾರದೆ ಇದ್ದವರಿಗೂ ತಿಳಿಯುವಂತೆ ನಾಲ್ಕು ಮಾತು ಹೇಳಬೇಕು. ಅದರ ಮುಂದಿನ ಭಾಗವನ್ನೂ ಕೇಳಿಸಬೇಕೇ ಬೇಡವೇ ಎಂಬುದನ್ನು ಸಭೆ ಆಮೇಲೆ ನಿರ್ಧರಿಸಲಿ. ನಾವು ನೂಲಿನ ಗಿರಣಿಯ ಕಾರಕೂನರು, ಮೆಟ್ರಿಕ್ ಮುಗಿಸಿ ಹಾಜರಿ ಪುಸ್ತಕ ಹಿಡಿದವರು. ಖಗೋಳಶಾಸ್ತ್ರವನ್ನಾಗಲಿ ನಾಟ್ಯಶಾಸ್ತ್ರವನ್ನಾಗಲಿ ಕಲಿತವರಲ್ಲ. ಆದ್ದರಿಂದ ವಿಮರ್ಶೆ ಎಂಬ ದೊಡ್ಡ ಹೆಸರು ಈ ಮಾತುಗಳಿಗೆ ಬೇಡ. ಕೇಳುವಾಗ ಏನೆನ್ನಿಸಿತೋ ಅದನ್ನು ತಮ್ಮ ಮುಂದೆ ಇಡುತ್ತೇವೆ.

ನಾಟಕದ ಹೆಸರು ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’. ಹಿಚ್‌ಹೈಕರ್ ಎಂದರೆ ಯಾರೆಂದು ಮೊದಲ ದಿನವೇ ಹಲವರು ಕೇಳಿದರು. ರಸ್ತೆಯ ಬದಿಗೆ ನಿಂತು, ಹೋಗಿಬರುವ ಲಾರಿಗಳಿಗೆ ಕೈ ತೋರಿಸಿ, ಕಾಸು ಬಿಚ್ಚದೆ ಊರೂರು ತಿರುಗುವವನು. ನಮ್ಮ ಕಡೆ ಸಂತೆಗೆ ಹೊರಟ ಚಕ್ಕಡಿಯನ್ನು ದಾರಿಯಲ್ಲಿ ನಿಲ್ಲಿಸಿ ಹತ್ತಿಕೊಳ್ಳುವುದಿಲ್ಲವೇ, ಹಾಗೆ. ಅಂಥ ಬಿಟ್ಟಿ ಪ್ರಯಾಣಿಕನಿಗೆ ನಕ್ಷತ್ರಗಳ ನಡುವೆ ದಾರಿ ಹೇಳಿಕೊಡುವ ಕೈಪಿಡಿ ಎಂಬುದು ಹೆಸರಿನ ತಾತ್ಪರ್ಯ. ತ್ರಿಲೋಕಸಂಚಾರಿಗಳಾದ ನಾರದರನ್ನು ಬಲ್ಲ ನಮಗೆ ಇದು ತೀರ ಹೊಸ ಕಲ್ಪನೆಯೇನಲ್ಲ. ನಾರದರಿಗೆ ಕೈಪಿಡಿ ಬೇಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಬರೆದವರು ಡಗ್ಲಸ್ ಆಡಮ್ಸ್. ೧೯೫೨ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿ, ೨೦೦೧ರಲ್ಲಿ ತಮ್ಮ ೪೯ನೆಯ ವಯಸ್ಸಿನಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ನಾಟಕದ ಮೊದಲ ಕಂತು ೧೯೭೮ನೆಯ ಮಾರ್ಚ್ ೮, ಬುಧವಾರ ರಾತ್ರಿ ಹತ್ತೂವರೆಗೆ ಬಿಬಿಸಿಯ ‘ರೇಡಿಯೋ ೪’ರಲ್ಲಿ ಪ್ರಸಾರವಾಯಿತು. ಅಂದು ಅವರಿಗೆ ೨೬ ತುಂಬುವುದಕ್ಕೆ ಇನ್ನೂ ಮೂರು ದಿನವಿತ್ತು. ವಾರಕ್ಕೊಂದರಂತೆ ಅರ್ಧರ್ಧ ಗಂಟೆಯ ಆರು ಕಂತುಗಳು ಏಪ್ರಿಲ್ ೧೨ಕ್ಕೆ ಮುಗಿದವು. ಇದನ್ನು ಬಹಳ ಜನ ಕಾದಂಬರಿಯೆಂದೇ ತಿಳಿದಿದ್ದಾರೆ. ಕಾದಂಬರಿ ಬಂದದ್ದು ೧೯೭೯ರಲ್ಲಿ. ಟೆಲಿವಿಷನ್ನಿಗೆ ಬಂದದ್ದು ೧೯೮೧ರಲ್ಲಿ, ಸಿನಿಮಾ ಆದದ್ದು ೨೦೦೫ರಲ್ಲಿ. ಮೊದಲು ಹುಟ್ಟಿದ್ದು ಧ್ವನಿ; ಅಕ್ಷರ ಅದರ ಹಿಂದಿನಿಂದ ಬಂತು. ಈ ಮಾತನ್ನು ಸಭಿಕರು ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕೆಂದು ಬಿನ್ನಹ, ಮುಂದೆ ಇದರ ಪ್ರಯೋಜನವಿದೆ.

ಇನ್ನು ಕಥೆ. ಆರ್ಥರ್ ಡೆಂಟ್ ಎಂಬ ಸಾಧಾರಣ ಮನುಷ್ಯ ಬೆಳಿಗ್ಗೆ ಏಳುತ್ತಾನೆ. ಮನೆಯ ಮುಂದೆ ಬುಲ್ಡೋಜರ್ ನಿಂತಿದೆ. ಊರಿಗೊಂದು ಬೈಪಾಸ್ ರಸ್ತೆ ಬರಬೇಕಾಗಿದೆ, ಅದಕ್ಕಾಗಿ ಈತನ ಮನೆ ಕೆಡವಬೇಕಾಗಿದೆ. ಈತ ಹೋಗಿ ಯಂತ್ರದ ಮುಂದೆ ಕೆಸರಿನಲ್ಲಿ ಮಲಗಿಬಿಡುತ್ತಾನೆ. ಪ್ರಾಸರ್ ಎಂಬ ಪುರಸಭೆಯ ಅಧಿಕಾರಿ ಬಂದು, ನಕ್ಷೆಯನ್ನು ಇಷ್ಟು ತಿಂಗಳು ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟಿತ್ತು, ಆಗ ಯಾಕೆ ತಕರಾರು ಎತ್ತಲಿಲ್ಲ ಎಂದು ಕೇಳುತ್ತಾನೆ. ಆ ನಕ್ಷೆ ಎಲ್ಲಿತ್ತು ಎಂಬುದನ್ನು ಡೆಂಟ್ ವರ್ಣಿಸುವ ಭಾಗವನ್ನು ಸಭಿಕರ ಬೇಡಿಕೆಯ ಮೇರೆಗೆ ನಾವು ಎರಡು ಸಲ ಹಾಕಬೇಕಾಯಿತು. ದೀಪವಿಲ್ಲದ ನೆಲಮಾಳಿಗೆ, ಮೆಟ್ಟಿಲು ಸಹ ಇಲ್ಲ, ಉಪಯೋಗಕ್ಕೆ ಬಾರದ ಕಕ್ಕಸು, ಅದರೊಳಗೆ ಬೀಗ ಹಾಕಿದ ಕಪಾಟು, ಕಪಾಟಿನ ತಳದಲ್ಲಿ ನಕ್ಷೆ. ಬಾಗಿಲಿಗೆ ಚಿರತೆಯಿದೆ ಎಂಬ ಎಚ್ಚರಿಕೆಯ ಫಲಕ ಬೇರೆ.

ನಮ್ಮ ಚಾಳಿನವರು ನಕ್ಕ ನಗು ಬೇರೆ ಬಗೆಯದು. ಎರಡು ವರ್ಷದ ಹಿಂದೆ ನಮ್ಮ ಓಣಿಯ ರಸ್ತೆ ಅಗಲ ಮಾಡುವ ನೋಟೀಸನ್ನು ಅಂಟಿಸಿದ್ದು ನೀರಿನ ಟಾಕಿಯ ಹಿಂಬದಿಯ ಗೋಡೆಗೆ. ಅದನ್ನು ಮೊದಲು ಓದಿದವನು ಚೆಂಡು ಹುಡುಕಲು ಹೋದ ಐದನೆಯ ಇಯತ್ತೆಯ ಹುಡುಗ. ಹುಡುಗನ ಮಾತನ್ನು ಯಾರೂ ನಂಬಲಿಲ್ಲ. ನಂಬುವ ಹೊತ್ತಿಗೆ ತಕರಾರಿನ ಮುದ್ದತು ತೀರಲು ನಾಲ್ಕು ದಿನ ಉಳಿದಿತ್ತು. ಆ ನಾಲ್ಕು ದಿನದಲ್ಲಿ ಅರ್ಜಿ ಬರೆದದ್ದು ಇದೇ ವಾಚನಾಲಯದ ಉದ್ದ ಮೇಜಿನ ಮೇಲೆ. ಹದಿನಾಲ್ಕು ಖೋಲಿಗಳು ಇವತ್ತಿಗೂ ನಿಂತಿವೆ, ಮುಂದಿನದು ಹೇಳಲಾಗದು. ಹಾಗಾಗಿ ಲಂಡನ್ನಿನ ಯಾವನೋ ಬರೆದ ಹಾಸ್ಯ ಎಂದು ನಾವು ಇದನ್ನು ಕೇಳಲಿಲ್ಲ.

ಡೆಂಟನ ಮನೆ ಬಿದ್ದುಹೋಗುತ್ತದೆ. ಆದರೆ ಅದು ದೊಡ್ಡ ಸಂಗತಿಯಾಗಿ ಉಳಿಯುವುದಿಲ್ಲ. ಅಷ್ಟರಲ್ಲಿ ಆಕಾಶದಿಂದ ಒಂದು ಧ್ವನಿ ಭೂಮಿಯ ಎಲ್ಲ ಜನರಿಗೂ ಕೇಳಿಸುತ್ತದೆ. ವೋಗನ್ ಎಂಬ ಅನ್ಯಲೋಕದವರ ಧ್ವನಿ ಅದು. ಅವರು ಆಕಾಶಮಾರ್ಗದಲ್ಲಿ ಒಂದು ಬೈಪಾಸ್ ಹಾಕುತ್ತಿದ್ದಾರೆ, ಭೂಮಿ ಅದಕ್ಕೆ ಅಡ್ಡವಾಗಿದೆ, ಎರಡು ನಿಮಿಷದೊಳಗೆ ಕೆಡವಲಾಗುವುದು. ನಕ್ಷೆ ಐವತ್ತು ವರ್ಷದಿಂದ ಆಲ್ಫಾ ಸೆಂಟಾರಿ ನಕ್ಷತ್ರದ ಕಚೇರಿಯಲ್ಲಿ ಪ್ರದರ್ಶನಕ್ಕಿದೆ, ಹೋಗಿ ನೋಡದಿದ್ದರೆ ಅದು ನಿಮ್ಮ ತಪ್ಪು! ಆಲ್ಫಾ ಸೆಂಟಾರಿ ಎಷ್ಟು ದೂರ ಎಂದು ಮಕ್ಕಳು ಕೇಳಿದರು. ಬೆಳಕಿಗೇ ಅಲ್ಲಿಗೆ ಹೋಗಲು ನಾಲ್ಕು ವರ್ಷಕ್ಕಿಂತ ಮೇಲೆ ಬೇಕು. ೧೯೭೭ರ ಸೆಪ್ಟೆಂಬರಿನಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್–೧ ನೌಕೆ ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರು ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ೭೦ ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ತಕರಾರು ಅರ್ಜಿ ಕೊಡಲು ಹೋಗುವ ದಾರಿ ಇದು.

ಅಶರೀರವಾಣಿ ನಮ್ಮ ಪುರಾಣದಲ್ಲೂ ಉಂಟು. ಕಂಸನಿಗೆ ತಂಗಿಯ ಮದುವೆಯ ದಿನವೇ ಅದು ಕೇಳಿಸಿತು. ಆದರೆ ಕಂಸನಿಗಾದರೂ ಎಂಟನೆಯ ಗರ್ಭದ ತನಕ ಮುದ್ದತು ಇತ್ತು ಎಂದು ಹಿಂದಿನ ಸಾಲಿನ ಹಿರಿಯರೊಬ್ಬರು ನುಡಿದಾಗ ಧ್ವನಿಯಂತ್ರವನ್ನೇ ನಿಲ್ಲಿಸಿ ಎಲ್ಲರೂ ನಕ್ಕೆವು.

ಇಲ್ಲೊಂದು ಸೂಕ್ಷ್ಮವಿದೆ. ಪುರಸಭೆಯ ಪ್ರಾಸರನಿಗೂ, ಭೂಮಿಯನ್ನು ಕೆಡವುವ ವೋಗನ್ ನಾಯಕನಿಗೂ ಧ್ವನಿ ಕೊಟ್ಟವರು ಒಬ್ಬರೇ ನಟರು, ಬಿಲ್ ವಾಲಿಸ್. ಕೇಳುವಾಗ ನಮಗೆ ಇದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮತ್ತೆ ಕೇಳಿದೆವು. ಒಬ್ಬ ತೊದಲುತ್ತಾನೆ, ಇನ್ನೊಬ್ಬ ಗರ್ಜಿಸುತ್ತಾನೆ. ಆದರೆ ಎದುರಿಗಿರುವವನ ಮುಖ ನೋಡದೆ ಕಾಗದವನ್ನೇ ನೋಡಿ ಮಾತನಾಡುವ ರೀತಿ ಇಬ್ಬರದೂ ಒಂದೇ. ರಂಗದ ಮೇಲೆ ಇದೇ ಕೆಲಸಕ್ಕೆ ಎರಡು ವೇಷ, ಎರಡು ಬಣ್ಣ ಬೇಕಾಗುತ್ತಿತ್ತು.

ಹಾಗಾದರೆ ಕಣ್ಣಿಗೆ ಏನೂ ಕಾಣದೆ ಬರಿಯ ಕಿವಿಯಿಂದ ಬ್ರಹ್ಮಾಂಡವನ್ನು ತೋರಿಸುವುದು ಹೇಗೆ? ಗಿರಣಿಯಲ್ಲಿ ದುಡಿಯುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೂಲುವ ಖಾತೆಯ ಅಷ್ಟು ಗದ್ದಲದಲ್ಲಿ ಯಾವ ಸಾಲಿನ ಯಂತ್ರ ಕೆಟ್ಟಿದೆಯೆಂದು ಹಳೆಯ ಕೆಲಸಗಾರ ಬೆನ್ನು ತಿರುಗಿಸಿಕೊಂಡೇ ಹೇಳುತ್ತಾನೆ. ಕಿವಿಗೆ ಅಭ್ಯಾಸವಾದರೆ ಅದು ನೋಡುತ್ತದೆ. ಈ ನಾಟಕವನ್ನು ನಿರ್ಮಿಸಿದವರು ಅದನ್ನು ಬಲ್ಲವರು. ೧೯೭೭ರಲ್ಲಿ ಮಾದರಿಗೆಂದು ತಯಾರಿಸಿದ ಮೊದಲ ಕಂತು ಸೈಮನ್ ಬ್ರೆಟ್ ಅವರ ನಿರ್ಮಾಣ, ಮುಂದಿನ ಐದು ಜೆಫ್ರಿ ಪರ್ಕಿನ್ಸ್ ಅವರದು. ಸದ್ದುಗಳನ್ನು ಹುಟ್ಟಿಸಿಕೊಟ್ಟದ್ದು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್. ೧೯೫೮ರಲ್ಲಿ ಆರಂಭವಾದ ಆ ಕಾರ್ಯಾಗಾರದವರು ಟೇಪನ್ನು ಕತ್ತರಿಸಿ, ಅಂಟಿಸಿ, ತಿರುವುಮುರುವು ಓಡಿಸಿ, ಜಗತ್ತಿನಲ್ಲಿಲ್ಲದ ಸದ್ದುಗಳನ್ನು ತಯಾರಿಸುತ್ತಿದ್ದರು. ಆ ಕಾಲದ ಬಿಬಿಸಿ ಹಾಸ್ಯ ನಾಟಕಗಳನ್ನು ಸಾಮಾನ್ಯವಾಗಿ ಪ್ರೇಕ್ಷಕರನ್ನು ಕೂಡಿಸಿಕೊಂಡು ಮುದ್ರಿಸುವ ಪದ್ಧತಿ. ಇಲ್ಲಿ ಪ್ರೇಕ್ಷಕರಿಲ್ಲ, ಅವರ ನಗುವೂ ಇಲ್ಲ. ಎಲ್ಲಿ ನಗಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಈ ಕಾರಣದಿಂದಲೇ ನಮ್ಮ ಸಭೆಯಲ್ಲಿ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ನಕ್ಕರು. ಅದು ಚೆನ್ನಾಗಿಯೇ ಇತ್ತು.

ಕೈಪಿಡಿಯೇ ಇಲ್ಲೊಂದು ಪಾತ್ರ. ಅದಕ್ಕೆ ಧ್ವನಿಯಾದವರು ಪೀಟರ್ ಜೋನ್ಸ್. ಯಕ್ಷಗಾನದ ಭಾಗವತರಂತೆ ಕಥೆಯನ್ನು ಮುಂದಕ್ಕೆ ನಡೆಸುವುದು, ಹರಿದಾಸರಂತೆ ನಡುವೆ ನಿಲ್ಲಿಸಿ ಉಪಕಥೆ ಹೇಳುವುದು, ಎರಡೂ ಇದರ ಕೆಲಸ. ಭೂಮಿ ನಾಶವಾದ ಮೇಲೂ ಈ ಧ್ವನಿ ಗಾಬರಿಯಾಗುವುದಿಲ್ಲ. ರೈಲು ತಡವಾಗಿ ಬರುತ್ತದೆಂದು ನಿಲ್ದಾಣದಲ್ಲಿ ತಿಳಿಸುವವರ ಹಾಗೆ ಶಾಂತವಾಗಿ ಮಾತನಾಡುತ್ತದೆ. ಆರು ಕಂತುಗಳಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ಯಾವುದೆಂದರೆ ಈ ಧ್ವನಿ ಎಂದೇ ಹೇಳುತ್ತೇವೆ.

ಡೆಂಟನನ್ನು ಬದುಕಿಸಿದವನು ಅವನ ಗೆಳೆಯ ಫೋರ್ಡ್ ಪ್ರಿಫೆಕ್ಟ್. ಈತ ಭೂಮಿಯವನಲ್ಲ, ಕೈಪಿಡಿಗೆ ವರದಿ ಬರೆಯಲು ಬಂದು ಸಿಕ್ಕಿಬಿದ್ದ ಅನ್ಯಲೋಕದವನು. ಇಬ್ಬರೂ ವೋಗನರ ಹಡಗನ್ನೇ ಕದ್ದು ಹತ್ತುತ್ತಾರೆ. ಅಲ್ಲಿ ಫೋರ್ಡ್ ಗೆಳೆಯನ ಕಿವಿಯೊಳಕ್ಕೆ ಒಂದು ಪುಟ್ಟ ಹಳದಿ ಮೀನನ್ನು ಬಿಡುತ್ತಾನೆ. ಬೇಬಲ್ ಫಿಶ್ ಎಂದು ಅದರ ಹೆಸರು. ಅದು ಕಿವಿಯಲ್ಲಿದ್ದರೆ ಯಾರು ಯಾವ ಭಾಷೆಯಲ್ಲಿ ನುಡಿದರೂ ತಟ್ಟನೆ ತಿಳಿಯುತ್ತದೆ.

ಈ ಮೀನಿನ ಮೇಲೆ ನಮ್ಮಲ್ಲಿ ನಡೆದಷ್ಟು ಚರ್ಚೆ ಬೇರೆ ಯಾವುದರ ಮೇಲೂ ನಡೆಯಲಿಲ್ಲ. ಮರಾಠಿ ಸೀಮೆಯಲ್ಲಿ ಬದುಕುವ ಕನ್ನಡಿಗರು ನಾವು. ಮನೆಯಲ್ಲಿ ಕನ್ನಡ, ಕೆಲವರಿಗೆ ತುಳು ಅಥವಾ ಕೊಂಕಣಿ. ಬೀದಿಯಲ್ಲಿ ಮರಾಠಿ, ಗಿರಣಿಯಲ್ಲಿ ಹಿಂದಿ, ಸಾಹೇಬರ ಕಾಗದದಲ್ಲಿ ಇಂಗ್ಲಿಷ್. ಇಂಥ ಮೀನು ಒಂದು ಡಜನ್ ಸಿಕ್ಕರೆ ಸಂಘದ ವತಿಯಿಂದ ತರಿಸಿಬಿಡೋಣ ಎಂದು ಖಜಾಂಚಿಯವರು ಚೇಷ್ಟೆ ಮಾಡಿದರು. ಆದರೆ ಕೈಪಿಡಿ ಹೇಳುವ ಮಾತೇ ಬೇರೆ. ಆ ಮೀನು ಭಾಷೆಯ ಗೋಡೆಯನ್ನೆಲ್ಲ ಕೆಡವಿದ್ದರಿಂದ ಲೋಕಲೋಕಗಳ ನಡುವೆ ಜಗಳ, ರಕ್ತಪಾತ ಹೆಚ್ಚಾಯಿತಂತೆ! ಒಬ್ಬರು ಆಡಿದ್ದು ಇನ್ನೊಬ್ಬರಿಗೆ ಪೂರ್ತಿ ತಿಳಿದರೆ ಅಷ್ಟು ಅಪಾಯ ಎಂದು ಲೇಖಕರ ತಮಾಷೆ.

ತಮಾಷೆಯನ್ನು ಒಪ್ಪಿದೆವು, ಅಭಿಪ್ರಾಯವನ್ನು ಒಪ್ಪಲಿಲ್ಲ. ನಾವು ಮರಾಠಿ ಕಲಿತದ್ದು ಕಿವಿಗೆ ಮೀನು ಬಿಟ್ಟುಕೊಂಡಲ್ಲ. ಕಾಯಿಪಲ್ಲೆಯವಳ ಹತ್ತಿರ ಚೌಕಾಶಿ ಮಾಡಿ, ತಪ್ಪು ಆಡಿ ನಗಿಸಿಕೊಂಡು, ಪಕ್ಕದ ಖೋಲಿಯ ಕಾಕೂ ತಿದ್ದಿದ ಮೇಲೆ ಕಲಿತೆವು. ಆ ತಿದ್ದುವುದರಲ್ಲಿ ಒಂದು ನಂಟು ಬೆಳೆಯಿತು. ಮೀನಿದ್ದಿದ್ದರೆ ಕಾಕೂ ನಮ್ಮನ್ನು ತಿದ್ದುವ ಪ್ರಮೇಯವೇ ಬರುತ್ತಿರಲಿಲ್ಲ. ಇನ್ನೊಂದು ಮಾತು. ಇವತ್ತು ಮಕ್ಕಳ ಕೈಯಲ್ಲಿರುವ ಫೋನು ಅರ್ಧ ಮೀನು ಆಗಿಬಿಟ್ಟಿದೆ. ಕನ್ನಡ ಓದಲು ಯಾಕೆ ಕಲಿಯಬೇಕು, ಇದು ಓದಿ ಹೇಳುತ್ತದಲ್ಲ ಎಂದು ನಮ್ಮ ರವಿವಾರದ ಕನ್ನಡ ವರ್ಗದ ಹುಡುಗಿಯೊಬ್ಬಳು ಕೇಳಿದಳು. ತಾಯಿ ಕನ್ನಡದಲ್ಲಿ ಕೇಳಿದರೆ ಮಗು ಹಿಂದಿಯಲ್ಲಿ ಉತ್ತರ ಕೊಡುವ ಮನೆಗಳು ನಮ್ಮಲ್ಲೇ ಎಷ್ಟಿವೆಯೆಂದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಆ ಹುಡುಗಿಗೆ ಸರಿಯಾದ ಉತ್ತರ ಕೊಡಬಲ್ಲವರು ಈ ಸಭೆಯಲ್ಲಿದ್ದರೆ ಮುಂದಿನ ರವಿವಾರ ವರ್ಗಕ್ಕೆ ದಯಮಾಡಿಸಬೇಕು.

ಇದಕ್ಕೆ ಸೇರಿದ ಒಂದು ಸಂಗತಿ. ಮೇಲೆ ಹೇಳಿದ ವಾಯೇಜರ್ ನೌಕೆಯಲ್ಲಿ ಚಿನ್ನದ ಲೇಪದ ಒಂದು ಧ್ವನಿಮುದ್ರಿಕೆ ಇದೆ. ಅನ್ಯಲೋಕದವರು ಯಾರಾದರೂ ಸಿಕ್ಕರೆ ಕೇಳಲಿ ಎಂದು ಭೂಮಿಯ ೫೫ ಭಾಷೆಗಳಲ್ಲಿ ಶುಭಾಶಯವನ್ನು ಮುದ್ರಿಸಿ ಕಳಿಸಿದ್ದಾರೆ. ಅದರಲ್ಲಿ ಕನ್ನಡವೂ ಒಂದು. ಸಂಗೀತದ ಭಾಗದಲ್ಲಿ ಕೇಸರಬಾಯಿ ಕೇರ್ಕರ್ ಅವರ ಹಾಡಿದೆ. ಲಂಡನ್ನಿನಲ್ಲಿ ಈ ನಾಟಕ ಪ್ರಸಾರವಾಗುವ ಆರು ತಿಂಗಳ ಮುಂಚೆಯೇ ಕನ್ನಡದ ಒಂದು ಧ್ವನಿ ಬಿಟ್ಟಿ ಸವಾರಿ ಹಿಡಿದು ನಕ್ಷತ್ರಗಳ ಕಡೆ ಹೊರಟಿತ್ತು. ಈ ಸಂಗತಿಯನ್ನು ಹೇಳಿದ ದಿನ ಮಕ್ಕಳು ಆ ಶುಭಾಶಯವನ್ನೇ ಕೇಳಿಸಿರೆಂದು ಹಠ ಹಿಡಿದರು. ಹುಡುಕಿ ಕೇಳಿಸಿದೆವು. ಕೆಲವೇ ಸೆಕೆಂಡು. ನಾಟಕದ ಅರ್ಧ ಗಂಟೆಗಿಂತ ಹೆಚ್ಚು ನಿಶ್ಶಬ್ದ ಆ ಕೆಲವು ಸೆಕೆಂಡಿನಲ್ಲಿತ್ತು.

ವೋಗನರ ನಾಯಕ ಕವಿಯೂ ಹೌದು. ಬ್ರಹ್ಮಾಂಡದಲ್ಲಿ ಕೆಟ್ಟ ಕಾವ್ಯದ ಸ್ಪರ್ಧೆಯಿಟ್ಟರೆ ವೋಗನರದು ಮೂರನೆಯ ಸ್ಥಾನವಂತೆ. ಸೆರೆಸಿಕ್ಕವರನ್ನು ಕುರ್ಚಿಗೆ ಕಟ್ಟಿ ತನ್ನ ಪದ್ಯ ಕೇಳಿಸುವುದು ಅವನ ಶಿಕ್ಷೆ. ನಮ್ಮ ರಾಜ್ಯೋತ್ಸವದ ಕವಿಗೋಷ್ಠಿಗೆ ಇದನ್ನು ಯಾರೂ ಅನ್ವಯಿಸಬಾರದಾಗಿ ಪ್ರಾರ್ಥನೆ. ಪದ್ಯ ಕೇಳಿಯೂ ಸಾಯದ ಇಬ್ಬರನ್ನು ಆಮೇಲೆ ಹಡಗಿನಿಂದ ಶೂನ್ಯಾಕಾಶಕ್ಕೆ ತಳ್ಳುತ್ತಾರೆ. ಶ್ವಾಸ ತುಂಬಿಕೊಂಡರೆ ಅಲ್ಲಿ ಮೂವತ್ತು ಸೆಕೆಂಡು ಬದುಕಬಹುದೆಂದು ಕೈಪಿಡಿ ಹೇಳುತ್ತದೆ. ಇದನ್ನು ಮಕ್ಕಳು ನಿಜವೆಂದು ಹಿಡಿಯಬಾರದು. ಶೂನ್ಯದಲ್ಲಿ ಶ್ವಾಸ ಬಿಗಿಹಿಡಿದರೆ ಪುಪ್ಪುಸ ಹರಿಯುತ್ತದೆ. ಪ್ರಜ್ಞೆ ತಪ್ಪಲು ಹತ್ತು ಹದಿನೈದು ಸೆಕೆಂಡು ಸಾಕು. ಲೇಖಕರು ವಿಜ್ಞಾನದ ಪಾಠ ಹೇಳಲು ಹೊರಟವರಲ್ಲ, ವಿಜ್ಞಾನದ ಭಾಷೆಯಲ್ಲಿ ಮನುಷ್ಯರನ್ನು ಗೇಲಿ ಮಾಡಲು ಹೊರಟವರು. ಹಾಗೆಂದು ತಿಳಿದು ಕೇಳಿದರೆ ತೊಂದರೆಯಿಲ್ಲ.

ಅವರನ್ನು ಎತ್ತಿಕೊಳ್ಳುವ ಹೊಸ ಹಡಗಿನಲ್ಲಿ ಎರಡು ತಲೆಯ ಜೇಫಾಡ್ ಇದ್ದಾನೆ, ಟ್ರಿಲಿಯನ್ ಎಂಬ ಹೆಣ್ಣುಮಗಳಿದ್ದಾಳೆ, ಮಾರ್ವಿನ್ ಎಂಬ ಯಂತ್ರಮಾನವ ಇದ್ದಾನೆ. ಮಾರ್ವಿನ್‌ಗೆ ಗ್ರಹದಷ್ಟು ದೊಡ್ಡ ಮಿದುಳು. ಅವನಿಗೆ ಹೇಳುವ ಕೆಲಸ ಬಾಗಿಲು ತೆರೆ, ಬಂದವರನ್ನು ಕರೆದುಕೊಂಡು ಬಾ. ಆದ್ದರಿಂದ ಅವನು ಸದಾ ಗೋಳಾಡುತ್ತಾನೆ. ಸ್ಟೀಫನ್ ಮೂರ್ ಎಂಬ ನಟರು ಕೊಟ್ಟ ಆ ಬತ್ತಿದ ಧ್ವನಿ ನಮ್ಮ ವಾಚನಾಲಯದಲ್ಲಿ ಎಷ್ಟು ಪ್ರಸಿದ್ಧವಾಯಿತೆಂದರೆ, ಈಗ ಕುರ್ಚಿ ಜೋಡಿಸಲು ಯಾರನ್ನು ಕರೆದರೂ ಅದೇ ರಾಗದಲ್ಲಿ ಉತ್ತರ ಬರುತ್ತದೆ. ಯಂತ್ರದ ಧ್ವನಿಯನ್ನು ಬೇರೆಯಾಗಿ ಸಂಸ್ಕರಿಸಬೇಕಾದ್ದರಿಂದ ಮುದ್ರಣದ ವೇಳೆ ಅಂಥ ಪಾತ್ರಧಾರಿಗಳನ್ನು ಕಪಾಟಿನಂಥ ಜಾಗದಲ್ಲಿ ಪ್ರತ್ಯೇಕ ಕೂಡಿಸುತ್ತಿದ್ದರಂತೆ. ಗೋಳಿಗೆ ಅದೂ ಒಂದು ಕಾರಣವಿರಬಹುದು!

ಮೂರನೆಯ ಕಂತಿನ ತಿಮಿಂಗಿಲವನ್ನು ಹೇಳದೆ ಬಿಡುವ ಹಾಗಿಲ್ಲ. ಹಡಗಿನ ಮೇಲೆ ಬಿಟ್ಟ ಕ್ಷಿಪಣಿಗಳಲ್ಲಿ ಒಂದು, ಅಸಂಭವ ಯಂತ್ರದ ಮಹಿಮೆಯಿಂದ, ಬಹು ಎತ್ತರದಲ್ಲಿ ಒಂದು ತಿಮಿಂಗಿಲವಾಗಿ ಮಾರ್ಪಡುತ್ತದೆ. ಆಗತಾನೆ ಹುಟ್ಟಿದ ಜೀವ. ಕೆಳಕ್ಕೆ ಬೀಳುತ್ತ ಬೀಳುತ್ತ ಅದು ತಾನು ಯಾರು ಎಂದು ಕೇಳಿಕೊಳ್ಳುತ್ತದೆ. ತನ್ನ ಬಾಲಕ್ಕೆ, ಬೀಸುವ ಗಾಳಿಗೆ ಒಂದೊಂದೇ ಹೆಸರು ಕೊಡುತ್ತ ಸಂತೋಷಪಡುತ್ತದೆ. ಎದುರಿಗೆ ವೇಗವಾಗಿ ಬರುತ್ತಿರುವ ದೊಡ್ಡದೊಂದಕ್ಕೂ ಹೆಸರಿಟ್ಟು, ಅದು ತನ್ನ ಸ್ನೇಹಿತನಾಗಬಹುದೇ ಎಂದು ಯೋಚಿಸುತ್ತದೆ. ಅದು ನೆಲ. ನಗುತ್ತಿದ್ದ ಸಭೆ ಅಲ್ಲಿ ತಟಸ್ಥವಾಯಿತು. ಮಾತು ಕಲಿಯುವ ಮೊಮ್ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದ ತಾಯಿಯೊಬ್ಬರು, ಇದನ್ನು ಹಾಸ್ಯವೆಂದು ಯಾರು ಹೇಳಿದರು ಎಂದು ನಮ್ಮನ್ನೇ ಗದರಿಸಿದರು.

ನಾಲ್ಕನೆಯ ಕಂತಿನಲ್ಲಿ ಬ್ರಹ್ಮಾಂಡದ ಪರಮಪ್ರಶ್ನೆಯ ಕಥೆ ಬರುತ್ತದೆ. ಜೀವನದ ಅರ್ಥವೇನೆಂದು ಕಂಡುಹಿಡಿಯಲು ದೊಡ್ಡ ಗಣಕವೊಂದನ್ನು ಕಟ್ಟುತ್ತಾರೆ. ಆಗ ತತ್ತ್ವಜ್ಞಾನಿಗಳ ಸಂಘದ ಇಬ್ಬರು ಮುಖಂಡರು ನುಗ್ಗಿ ಬರುತ್ತಾರೆ. ಯಂತ್ರ ಉತ್ತರ ಕೊಟ್ಟುಬಿಟ್ಟರೆ ನಮ್ಮ ಹೊಟ್ಟೆಪಾಡೇನು, ಮುಷ್ಕರ ಹೂಡುತ್ತೇವೆ ಎಂಬುದು ಅವರ ವಾದ. ಯಂತ್ರ ಹೇಳುತ್ತದೆ, ಉತ್ತರಕ್ಕೆ ನನಗೆ ೭೫ ಲಕ್ಷ ವರ್ಷ ಬೇಕು, ಅಲ್ಲಿಯವರೆಗೆ ಉತ್ತರ ಏನಿರಬಹುದೆಂದು ನೀವು ಪರಸ್ಪರ ಜಗಳವಾಡುತ್ತಿದ್ದರೆ ನಿಮ್ಮ ಜೀವನ ಸುಖವಾಗಿ ಸಾಗುತ್ತದೆ. ಸಂಘಟನೆಯ ಮುಖಂಡರು ಇಷ್ಟು ಬೇಗ ಒಪ್ಪಂದಕ್ಕೆ ಬಂದದ್ದನ್ನು ನಾವು ಬೇರೆಲ್ಲೂ ಕೇಳಿಲ್ಲ. ೭೫ ಲಕ್ಷ ವರ್ಷದ ಮೇಲೆ ಬಂದ ಉತ್ತರ ‘೪೨’. ಪ್ರಶ್ನೆಯೇನೆಂದು ಯಾರಿಗೂ ಗೊತ್ತಿಲ್ಲ. ಆ ಪ್ರಶ್ನೆಯನ್ನು ಹುಡುಕಲು ಕಟ್ಟಿದ ಇನ್ನೂ ದೊಡ್ಡ ಗಣಕವೇ ನಮ್ಮ ಭೂಮಿ. ಒಂದು ಕೋಟಿ ವರ್ಷದ ಲೆಕ್ಕ ಮುಗಿಯಲು ಐದು ನಿಮಿಷ ಇರುವಾಗ ವೋಗನರು ಅದನ್ನು ಕೆಡವಿದರು. ವರ್ಷಾಂತ್ಯದ ಲೆಕ್ಕ ಕೂಡಿಸುವಾಗ ಕೊನೆಯ ಪುಟಕ್ಕೆ ಬಂದು ವಿದ್ಯುತ್ತು ಹೋದ ಅನುಭವ ಇರುವ ಯಾವ ಕಾರಕೂನನೂ ಇದನ್ನು ಕೇಳಿ ನಿಟ್ಟುಸಿರು ಬಿಡದೆ ಇರಲಾರ.

ದೋಷಗಳನ್ನೂ ಹೇಳಬೇಕು. ಐದನೆಯ ಕಂತಿನಿಂದ ಕಥೆಯ ಹಗ್ಗ ಸಡಿಲವಾಗಿದೆ. ಕೊನೆಯ ಎರಡು ಕಂತುಗಳಿಗೆ ಆಡಮ್ಸ್ ಅವರು ತಮ್ಮ ಸ್ನೇಹಿತ ಜಾನ್ ಲಾಯ್ಡ್ ಅವರ ನೆರವು ಪಡೆದರು. ಹೊಲಿಗೆ ಕೇಳುವವರಿಗೆ ಗೊತ್ತಾಗುತ್ತದೆ. ಬ್ರಹ್ಮಾಂಡದ ಅಂತ್ಯವನ್ನು ನೋಡುತ್ತ ಊಟ ಮಾಡುವ ಹೋಟೆಲಿನ ಕಲ್ಪನೆ ಸೊಗಸಾಗಿದೆ, ಆದರೆ ಅಲ್ಲಿಂದ ಮುಂದಿನ ಓಟ ನಮಗೆ ಅರ್ಧಕ್ಕರ್ಧ ತಿಳಿಯಲಿಲ್ಲ, ತಿಳಿದಷ್ಟು ರುಚಿಸಲಿಲ್ಲ. ಮಹಿಳಾ ಸದಸ್ಯರ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಈ ಪ್ರಯಾಣಿಕರಲ್ಲಿ ಟ್ರಿಲಿಯನ್ ಒಬ್ಬಳೇ ಹೆಣ್ಣು. ಗಣಿತದಲ್ಲಿ ಒಂದು, ಖಗೋಳಭೌತದಲ್ಲಿ ಒಂದು ಪದವಿ ಪಡೆದವಳೆಂದು ಹೇಳಿಸಿ, ಆಮೇಲೆ ಆ ವಿದ್ಯೆಗೆ ತಕ್ಕ ಒಂದು ಕೆಲಸವನ್ನೂ ಲೇಖಕರು ಕೊಟ್ಟಿಲ್ಲ. ಗಂಡಸರ ಮಾತಿಗೆ ನಡುವೆ ಹೂಂಗುಟ್ಟುವುದಕ್ಕೆ ಎರಡು ಪದವಿ ಬೇಕೇ ಎಂದು ಒಬ್ಬರು ಕೇಳಿದರು. ನಮ್ಮ ಹತ್ತಿರ ಉತ್ತರವಿಲ್ಲ.

ಆರನೆಯ ಕಂತು ನಮ್ಮನ್ನು ಬೇರೆ ರೀತಿ ಕಾಡಿತು. ಒಂದು ಲೋಕದವರು ತಮ್ಮ ಜನರನ್ನು ಮೂರು ಪಾಲು ಮಾಡುತ್ತಾರೆ. ಬುದ್ಧಿವಂತರು, ನಾಯಕರು ಮೊದಲ ಹಡಗಿಗೆ. ಕೈಯಾರೆ ದುಡಿಯುವವರು ಮೂರನೆಯದಕ್ಕೆ. ಈ ಎರಡರಲ್ಲೂ ಸೇರದ ಕ್ಷೌರಿಕರು, ಟೆಲಿಫೋನು ತೊಳೆಯುವವರು, ವ್ಯವಸ್ಥಾಪಕ ಸಲಹೆಗಾರರು ನಡುವಿನ ಹಡಗಿಗೆ. ನಮ್ಮ ಲೋಕ ನಾಶವಾಗಲಿದೆ, ನೀವು ಮುಂದೆ ಹೋಗಿ, ನಾವು ಹಿಂದಿನಿಂದ ಬರುತ್ತೇವೆ ಎಂದು ನಂಬಿಸಿ ನಡುವಿನ ಹಡಗನ್ನು ಮಾತ್ರ ಕಳಿಸಿಬಿಡುತ್ತಾರೆ. ಅದು ನಿರುಪಯೋಗಿಗಳನ್ನು ಸಾಗಹಾಕುವ ಉಪಾಯ. ಉಳಿದವರು ಸುಖವಾಗಿ ಬದುಕಿ, ಕಡೆಗೆ ಕೊಳಕು ಟೆಲಿಫೋನಿನಿಂದ ಹಬ್ಬಿದ ರೋಗಕ್ಕೆ ಎಲ್ಲರೂ ಸತ್ತರಂತೆ.

ಇ ಹಡಗಿನಲ್ಲಿ ಕಾರಕೂನರನ್ನು ಎಲ್ಲಿ ಕೂಡಿಸುತ್ತಿದ್ದರೆಂದು ಕೇಳಬೇಕಾಗಿಲ್ಲ. ನಮ್ಮ ಗಿರಣಿಯ ಟೈಂ ಆಫೀಸಿನಲ್ಲಿ ನಾವು ಐವರಿದ್ದೆವು. ಹೆಬ್ಬೆರಳು ಒತ್ತುವ ಯಂತ್ರ ಬಂದ ಮೇಲೆ ಹಾಜರಿ ಪುಸ್ತಕ ಕಪಾಟು ಸೇರಿತು, ಈಗ ಇಬ್ಬರಿದ್ದೇವೆ. ಹೋದ ಮೂವರಿಗೂ ಬೀಳ್ಕೊಡುವಾಗ ಹಾರ ಹಾಕಿ, ನಿಮ್ಮಂಥ ಅನುಭವಿಗಳಿಗೆ ಎಲ್ಲಿ ಹೋದರೂ ಒಳ್ಳೆಯ ಜಾಗ ಸಿಗುತ್ತದೆ ಎಂದು ಭಾಷಣ ಮಾಡಿದರು. ಮಾತು ಬಹಳ ಚೆನ್ನಾಗಿತ್ತು. ಯಂತ್ರ ಬಂದ ಮೊದಲ ತಿಂಗಳಲ್ಲಿ ನೂಲು ಹಿಡಿದು ಬೆರಳಿನ ಗೆರೆ ಸವೆದ ಹೆಂಗಸರ ಹಾಜರಿ ಅದರಲ್ಲಿ ಮೂಡಲಿಲ್ಲ. ಅವರು ಬಂದಿದ್ದರೆಂದು ಬರೆದುಕೊಟ್ಟವರು ಆ ಮೂವರಲ್ಲಿ ಒಬ್ಬರು. ಈ ಕಂತು ಮುಗಿದ ಸಂಜೆ ಅವರು ಸಭೆಯಲ್ಲಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವರೂ ಅವರೇ. ಹೊರಗೆ ಚಪ್ಪಲಿ ಮೆಟ್ಟುವಾಗ, “ನಮ್ಮ ಟೆಲಿಫೋನನ್ನು ಈಗ ಯಾರು ಒರೆಸುತ್ತಾರಪ್ಪಾ?” ಎಂದು ಕೇಳಿ ಹೊರಟರು.

ಕಥೆಯ ಕೊನೆಗೆ ಆ ಹಡಗು ಬಂದು ಬೀಳುವುದು ಇದೇ ಭೂಮಿಯ ಮೇಲೆ, ಇಪ್ಪತ್ತು ಲಕ್ಷ ವರ್ಷದ ಹಿಂದಿನ ಕಾಲದಲ್ಲಿ. ಅಂದರೆ ನಾವೆಲ್ಲರೂ ಆ ನಡುವಿನ ಹಡಗಿನವರ ಸಂತತಿ ಎಂದಾಯಿತು. ಡೆಂಟ್ ಮತ್ತು ಫೋರ್ಡ್ ಅಕ್ಷರದ ಬಿಲ್ಲೆಗಳನ್ನು ಚೀಲದಿಂದ ಒಂದೊಂದಾಗಿ ತೆಗೆದು ಪರಮಪ್ರಶ್ನೆಯನ್ನು ಜೋಡಿಸುತ್ತಾರೆ. ಬರುವುದು ಆರೊಂಬತ್ತಲ ಎಷ್ಟು ಎಂಬ ಪ್ರಶ್ನೆ. ಮಗ್ಗಿ ಬಲ್ಲ ಹುಡುಗರೆಲ್ಲ ಒಟ್ಟಿಗೆ ಐವತ್ತನಾಲ್ಕು ಎಂದು ಕೂಗಿದರು. ಉತ್ತರ ನಲವತ್ತೆರಡಾದರೆ ಲೆಕ್ಕ ಎಲ್ಲೋ ತಪ್ಪಿದೆ. ಆಮೇಲೆ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಡು, ಈ ಲೋಕ ಎಷ್ಟು ಚೆಂದ ಎಂಬ ಅರ್ಥದ್ದು, ಕೇಳಿಬಂದು ನಾಟಕ ಮುಗಿಯುತ್ತದೆ. ಯಾವ ಲೋಕ ಸುಟ್ಟುಹೋಗುತ್ತದೆಂದು ಮೊದಲ ಕಂತಿನಲ್ಲೇ ಕೇಳಿದ್ದೇವೋ ಅದೇ ಲೋಕ.

ಈಗ ಸಭೆಯ ಮುಂದಿರುವ ಪ್ರಶ್ನೆ. ವಾಚನಾಲಯದಲ್ಲಿ ವಾಚನ ಬಿಟ್ಟು ಶ್ರವಣವೇ ಎಂದು ಕೆಲವು ಹಿರಿಯರು ಬರೆದು ಕೊಟ್ಟಿದ್ದಾರೆ. ಅದರಲ್ಲೂ ಇಂಗ್ಲಿಷಿನದು, ಕನ್ನಡ ಸಂಘಕ್ಕೆ ಇದೇಕೆ ಎಂದೂ ಕೇಳಿದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ನಮ್ಮ ಸಮಾಧಾನ ಇದು: ಕುಮಾರವ್ಯಾಸನ ಭಾರತವನ್ನು ನಮ್ಮ ಅಜ್ಜಂದಿರು ಓದಿದ್ದಕ್ಕಿಂತ ಗಮಕಿಗಳ ಬಾಯಲ್ಲಿ ಕೇಳಿದ್ದು ಹೆಚ್ಚು. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹಬ್ಬುವ ಮುಂಚೆ, ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಸಂದಿತ್ತು. ಕೇಳುವುದು ಕನ್ನಡಿಗರಿಗೆ ಪರಕೀಯವಲ್ಲ. ಇನ್ನೊಂದು ಕಾರಣವೂ ಇದೆ. ಇಪ್ಪತ್ತೆರಡು ವರ್ಷ ದಿನಾಲೂ ಬಂದು ಮೊದಲ ಪತ್ರಿಕೆ ಬಿಚ್ಚುತ್ತಿದ್ದ ಹಿರಿಯ ಸದಸ್ಯರು, ಕಣ್ಣಿನ ನರ ಬತ್ತಿದ ಮೇಲೆ ಇತ್ತ ಬರುವುದನ್ನೇ ಬಿಟ್ಟಿದ್ದರು. ಎರಡನೆಯ ಶನಿವಾರ ಮೊಮ್ಮಗನ ಕೈ ಹಿಡಿದು ಬಂದರು. ಆಮೇಲೆ ಒಂದನ್ನೂ ತಪ್ಪಿಸಲಿಲ್ಲ. ಅವರಿಗೆ ನಾವು ಯಾವ ಪುಸ್ತಕ ಕೊಡಬಲ್ಲೆವು?

ಇಂಗ್ಲಿಷಿನ ವಿಷಯದಲ್ಲಿ ತೊಂದರೆ ಇದ್ದದ್ದು ನಿಜ. ಆ ಉಚ್ಚಾರಣೆ ನಮಗೂ ಕಷ್ಟವಾಯಿತು. ಮೂರನೆಯ ವಾರದಿಂದ ಒಂದು ಪುಟದ ಕನ್ನಡ ಸಾರಾಂಶವನ್ನು ಮೊದಲೇ ಓದಿ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ವಿವರಿಸಿದ ಮೇಲೆ ಸುಗಮವಾಯಿತು. ಆ ಸಾರಾಂಶಗಳನ್ನು ರವಿವಾರದ ವರ್ಗದ ಮಕ್ಕಳೇ ಬರೆದರೆ ಅವರ ಕನ್ನಡಕ್ಕೂ ಒಳ್ಳೆಯದೆಂದು ಸೂಚನೆ ಬಂದಿದೆ. ಮೇಲೆ ಹೇಳಿದ ಹುಡುಗಿ ನಾಲ್ಕನೆಯ ಕಂತಿನದನ್ನು ತಾನಾಗಿ ಬರೆದು ತಂದಳು. ಕಾಗುಣಿತದ ತಪ್ಪು ಬಹಳ ಇದ್ದವು, ಕಥೆ ತಪ್ಪಿರಲಿಲ್ಲ. ಅದನ್ನು ಫಲಕಕ್ಕೆ ಹಚ್ಚಿದ್ದೇವೆ, ನೋಡಬಹುದು.

ನಾಟಕದ ಎರಡನೆಯ ಭಾಗದಲ್ಲಿ ಮತ್ತೆ ಆರು ಕಂತುಗಳಿವೆ. ಅದರಲ್ಲೊಂದು ೧೯೭೮ರ ಡಿಸೆಂಬರ್ ೨೪ರಂದು, ಮಿಕ್ಕ ಐದು ೧೯೮೦ರ ಜನವರಿಯಲ್ಲಿ ಪ್ರಸಾರವಾದವು. ಕೇಳಿಸುವುದಾದರೆ ಒಂದು ಶನಿವಾರ ಇದು, ಮರು ಶನಿವಾರ ಕನ್ನಡದ ಒಂದು ಬಾನುಲಿ ನಾಟಕ ಅಥವಾ ಗಮಕ ಎಂದು ಸ್ವಯಂಸೇವಕರ ಸೂಚನೆ. ಸಂಜೆ ಆರೂವರೆಗೆ ಆರಂಭ, ಪತ್ರಿಕೆ ಓದುವವರಿಗೆ ತೊಂದರೆಯಾಗದಂತೆ ಒಳಕೋಣೆಯಲ್ಲಿ. ಖರ್ಚು ಏನೂ ಇಲ್ಲ, ಚಹಾದ್ದು ಬಿಟ್ಟರೆ. ಪರ ವಿರೋಧ ಎರಡೂ ಅಭಿಪ್ರಾಯ ಬರೆಯಲು ಮೇಜಿನ ಮೇಲೆ ಪುಸ್ತಕ ಇಟ್ಟಿದ್ದೇವೆ. ಬರೆಯಲಾಗದವರು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ.